ಚೂಟಿಯ ಪಾಲಿನ ಕಲ್ಲು

ಭಾನುವಾರ, ಮಧ್ಯಾಹ್ನ

ಚೂಟಿಗೆ ಅಕ್ಕನ ಆಶೀರ್ವಾದಗಳು. ಪತ್ರ ಓದಿ ಮುಗಿಸಿದ ಮೇಲೂ ಬೇಕೆನಿಸಿದರೆ ಅವನ್ನು ಇಟ್ಟುಕೋ.

ಮೊದಲು ಒಂದು ಮಾತು. ಕೆಲಸ ಬಿಡುತ್ತೇನೆಂದು ಹೊಲಿಗೆ ಅಂಗಡಿಯ ಯಜಮಾನಿಗೆ ಇನ್ನೂ ಹೇಳಿಲ್ಲ ತಾನೆ? ಹೇಳಬೇಡ. ಹೇಳಿಬಿಟ್ಟಿದ್ದರೆ ನಾಳೆ ಬೆಳಗ್ಗೆಯೇ ಹೋಗಿ ತಮಾಷೆಗೆ ಅಂದೆ ಅನ್ನು. ಮಿಕ್ಕದ್ದನ್ನು ಕೂತು ಓದು.

ಹಳೇ ಟವೆಲಿನಲ್ಲಿ ಸುತ್ತಿ, ಚಪ್ಪಲಿ ಪೆಟ್ಟಿಗೆಯಲ್ಲಿಟ್ಟು ನೀನು ಕಳಿಸಿದ ಕಲ್ಲು ತಲುಪಿತು. ಜೊತೆಗಿದ್ದ ಚೀಟಿಯೂ ತಲುಪಿತು. ಫೋನಿನಲ್ಲಿ ನೋಡಿದೆಯಂತೆ, ಇದು ಜ್ವಾಲಾಮುಖಿಯ ಗಾಜಂತೆ, ಭಾರಿ ಬೆಲೆಯಂತೆ, ಮಾರಿದರೆ ಸ್ವಂತ ಹೊಲಿಗೆ ಅಂಗಡಿಯಂತೆ. "ತಿಳಿದವರಿಗೆ ತೋರಿಸಕ್ಕಾ, ನಿನಗೆ ಟೋಪಿ ಹಾಕೋರು ಇನ್ನೂ ಹುಟ್ಟಿಲ್ಲ" ಎಂದು ಬರೆದಿದ್ದೀಯ. ಹುಟ್ಟಿದ್ದರು, ಚೂಟಿ. ನಮ್ಮಿಬ್ಬರಿಗಿಂತ ಮುಂಚೆಯೇ ಹುಟ್ಟಿದ್ದರು.

ಕಲ್ಲನ್ನು ಕಾಲೇಜಿನ ಭೂವಿಜ್ಞಾನದ ಮೇಡಂ ಹತ್ತಿರ ಒಯ್ದೆ. ನನ್ನ ಅಂಗಡಿಯಲ್ಲಿ ಹಳೇ ಕಿಟಕಿಯೊಂದನ್ನು ಚೌಕಾಸಿ ಮಾಡದೆ ಕೊಂಡ ಪುಣ್ಯಾತ್ಗಿತ್ತಿ. ಅವರ ಕೋಣೆಯಲ್ಲಿ ಕುರ್ಚಿಯ ಮೇಲೂ ಕಲ್ಲುಗಳೇ, ನಾನು ನಿಂತೇ ಇದ್ದೆ. ಅವರು ನಿನ್ನ ಕಲ್ಲನ್ನು ಬೆಳಕಿಗೆ ಹಿಡಿದರು. ತೆಳ್ಳಗಿದ್ದ ಅಂಚಿನಲ್ಲಿ ನವಿಲುಗರಿಯ ಹಸಿರು ಬಂತು. ಸುಳ್ಳೇಕೆ, ನನಗೆ ಹೊಟ್ಟೆ ಉರಿಯಿತು.

ಭೂತಗನ್ನಡಿಯಲ್ಲಿ ನೋಡಿದರು, ಒಳಗೆಲ್ಲ ಸಣ್ಣ ಗುಳ್ಳೆಗಳಿದ್ದವು. ಅದರಿಂದ ಏನೂ ಹೇಳಲು ಆಗುವುದಿಲ್ಲವಂತೆ, ಜ್ವಾಲಾಮುಖಿಯ ಗಾಜಿನಲ್ಲೂ ಗುಳ್ಳೆ ಇರುತ್ತದಂತೆ. ಆಮೇಲೆ ಒಂದು ಬದಿಯಲ್ಲಿ ಸಾಸಿವೆಯಷ್ಟು ದೊಡ್ಡ ತುಕ್ಕಿನ ಚುಕ್ಕೆ ಕಂಡಿತು. ಅಯಸ್ಕಾಂತ ತಂದರು. ದಾರಕ್ಕೆ ಕಟ್ಟಿದ ಅಯಸ್ಕಾಂತ ಆ ಚುಕ್ಕೆಯತ್ತ ವಾಲಿ, ಟಕ್ಕೆಂದು ಕಚ್ಚಿಕೊಂಡಿತು.

"ಇದನ್ನ ಭೂಮಿ ಮಾಡಿದ್ದಲ್ಲಮ್ಮ, ಮನುಷ್ಯರು ಮಾಡಿದ್ದು" ಅಂದರು. "ಕುಲುಮೆ ಕಿಟ್ಟ. ಅದಿರು ಕರಗಿಸಿ ಕಬ್ಬಿಣ ತೆಗೆದ ಮೇಲೆ ಉಳಿಯೋ ಕಸ. ಬೇಗ ಆರಿದ್ರೆ ಹೀಗೆ ಗಾಜಾಗುತ್ತೆ."

"ಬೆಲೆ?"

"ಒಡೆದು ರಸ್ತೆಗೆ ಹಾಕ್ತಾರೆ."

ನಾನು ಬಿಡುವವಳೇ? "ಇಷ್ಟು ಚೆಂದ ಇರೋದನ್ನೂ ಹಾಕ್ತಾರಾ?" ಅಂದೆ.

"ರಸ್ತೆಗೆ ಚೆಂದ ಏನು ಗೊತ್ತಾಗುತ್ತಮ್ಮ" ಎಂದು ನಕ್ಕು, ಕಲ್ಲು ಸಿಕ್ಕ ಜಾಗದ ಹತ್ತಿರ ಹಳೇ ಕಬ್ಬಿಣದ ಕಾರ್ಖಾನೆ ಏನಾದರೂ ಇತ್ತೇ ಎಂದು ಕೇಳಿದರು.

ನಾನು ಕಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದೆ. ಉತ್ತರವನ್ನು ನಿನಗೆ ಕೊಡುತ್ತೇನೆ. ಅಪ್ಪ ಆ ಕಾರ್ಖಾನೆಯಲ್ಲಿ ಏನು ಕೆಲಸ ಮಾಡುತ್ತಿದ್ದರೆಂದು ನೀನೆಂದೂ ಕೇಳಿದವಳಲ್ಲ. ಕುಲುಮೆಯ ಬಾಯಿ ತೆರೆದು ಕುದಿಯುವ ಕಿಟ್ಟವನ್ನು ಹೊರಗೆ ಹರಿಸುವುದು. ಅಷ್ಟೇ, ದುಡಿದಷ್ಟು ಕಾಲವೂ ಅದೊಂದೇ. ಮುಂಗೈ ತುಂಬ ಬಿಳಿ ಕಲೆಗಳಿದ್ದವಲ್ಲ, ಅವು ಕಿಟ್ಟ ಸಿಡಿದು ಆದವೇ.

ಅಪ್ಪನನ್ನು ವಾಕಿಂಗಿಗೆ ಕರೆದೊಯ್ದಿದ್ದ ನೀನು ಕಾರ್ಖಾನೆಯ ಹಳೇ ಹಳಿಗಳ ಪಕ್ಕ ಕಲ್ಲು ಸಿಕ್ಕಿತೆಂದು ಕುಣಿಯುತ್ತ ಬಂದ ದಿನ ನೆನಪು ಮಾಡಿಕೋ. ಅವರು ಕಿಟಕಿಯ ಹತ್ತಿರ ಕೂತು, ಆ ತುಕ್ಕಿನ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡಿದರು. ಧೂಳು ಒರೆಸುತ್ತಿದ್ದಾರೆಂದು ನಾನು ತಿಳಿದೆ. ಆಮೇಲೆ ಅಂದದ್ದು ಇಷ್ಟು: "ಭಾರಿ ಸಾಮಾನು ಕಣೇ ಚೂಟಿ. ಊರಿಗೆಲ್ಲ ತೋರಿಸಬೇಡ, ಅವಸರದಲ್ಲಿ ಮಾರಬೇಡ. ಮನೆ ಅಕ್ಕನಿಗಿರಲಿ, ಇದು ನಿನಗೆ. ತಕ್ಕಡಿಯಲ್ಲಿ ನಿನ್ನ ತಟ್ಟೆಯೇ ತೂಕ." ನೀನು ಕುಣಿದುಕೊಂಡೇ ಮನೆಯ ಹಕ್ಕು ಬಿಟ್ಟು ಸಹಿ ಹಾಕಿದೆ. "ಸೋರೋ ಮನೆ ನೀನೇ ಇಟ್ಕೋ ಅಕ್ಕಾ" ಎಂದು ನನ್ನ ಕೆನ್ನೆ ಹಿಂಡಿದೆ.

ಅಕ್ಕನಿಗೆ ಮನೆ ದಕ್ಕಲಿ ಎಂದೇ ಅಪ್ಪ ನಿನಗೆ ಟೋಪಿ ಹಾಕಿದರು ಎಂದು ನೀನು ಅನ್ನಬಹುದು. ನಾನೂ ಹಾಗೇ ನಂಬಲು ನೋಡಿದೆ, ನಂಬಿದರೆ ಲಾಭ ನನಗೇ ತಾನೆ. ಆದರೆ ಮನೆಯ ಪತ್ರ ನನ್ನ ಕೈಗಿಡುವಾಗ ಅವರ ಮುಖವನ್ನು ನಾನು ನೋಡಿದ್ದೇನೆ. "ನನ್ನನ್ನ ನೋಡ್ಕೊಂಡಿದ್ದೀಯ, ತಗೋ." ಕೆಲಸದವಳ ಲೆಕ್ಕ ಚುಕ್ತಾ ಮಾಡಿದ ಹಾಗಿತ್ತು. ನಿನಗೆ ಕಲ್ಲು ಕೊಡುವಾಗ ಆ ಮುದುಕನ ಕಣ್ಣಲ್ಲಿ ತುಂಟತನವಿತ್ತು. ನಿನ್ನ ಮುಖ ಅರಳುವುದನ್ನು ನೋಡಲೆಂದು ಅಷ್ಟು ದೊಡ್ಡ ಕಥೆ ಕಟ್ಟಿದರು. ನನಗೆ ಜೀವಮಾನದಲ್ಲಿ ಒಂದು ಸುಳ್ಳನ್ನೂ ಹೇಳಲಿಲ್ಲ. ಅಡುಗೆಗೆ ಉಪ್ಪು ಜಾಸ್ತಿ ಅಂದರು, ಆ ಬಣ್ಣದ ಸೀರೆ ನಿನಗೆ ಒಪ್ಪಲ್ಲ ಅಂದರು, ಎಲ್ಲ ನಿಜವೇ. ನನ್ನನ್ನು ಖುಷಿಪಡಿಸುವ ತೊಂದರೆ ಯಾಕೆ ತಗೊಳ್ಳಬೇಕು?

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಈಗ ಬೆಲೆ ಬಿದ್ದಿದೆ, ಇನ್ನಷ್ಟು ಕಾಯಿ ಎಂದು ಬರೆದಿದ್ದರೆ ನೀನು ನಂಬುತ್ತಿದ್ದೆ, ಕಾಯುತ್ತಲೂ ಇದ್ದೆ. ಹಳೇ ಬಾಗಿಲಿಗೆ ಬಣ್ಣ ಬಳಿದು ಮಾರುವವಳು ನಾನು, ಅಷ್ಟು ಬಾರದೇ? ಆದರೆ ಗೆದ್ದಲು ಹಿಡಿದದ್ದನ್ನು ಗೆದ್ದಲು ಹಿಡಿದಿದೆ ಎಂದು ಹೇಳಿಯೇ ಮಾರಿದ್ದೇನೆ. ಈ ಮನೆಗೆ ಗೆದ್ದಲು ಹಿಡಿದಿದೆ ಚೂಟಿ, ಅದೂ ಬುಡಕ್ಕೇ. ಬಾ, ಅರ್ಧ ಮನೆ ನಿನ್ನ ಹೆಸರಿಗೆ ಬರೆಸುತ್ತೇನೆ. ರಸ್ತೆ ಕಡೆಯ ಕೋಣೆ ನನ್ನ ಅಂಗಡಿಗಿರಲಿ. ಹಿಂದಿನದರಲ್ಲಿ ಬೆಳಕು ಚೆನ್ನಾಗಿದೆ, ಹೊಲಿಗೆ ಯಂತ್ರ ಹಾಕಬಹುದು. ಬಂದವಳು ಅಳುತ್ತ ಕೂರಬೇಡ, ನನಗೆ ಗಿರಾಕಿಗಳಿರುತ್ತಾರೆ.

ಕಲ್ಲನ್ನು ವಾಪಸ್ ಕಳಿಸುವ ಖರ್ಚು ದಂಡ. ಹಿತ್ತಲಿನ ಇಟ್ಟಿಗೆ ಚೂರುಗಳ ಜೊತೆ ಎಸೆದಿದ್ದೇನೆ.

ಇತಿ,
ಸೋರುವ ಮನೆಯ
ಅಕ್ಕ

ತಾಜಾ ಕಲಂ: ಎಸೆದಿಲ್ಲ. ಅಂಗಡಿಯ ಕಿಟಕಿಯಲ್ಲಿ ಇಟ್ಟಿದ್ದೇನೆ, ಸಂಜೆ ಬಿಸಿಲಿಗೆ ಗೋಡೆಯೆಲ್ಲ ಹಸಿರಾಗುತ್ತದೆ. ಬಂದಾಗ ಅದನ್ನು ಮಾತ್ರ ಕೇಳಬೇಡ, ಅರ್ಧ ಮನೆಗೆ ಬದಲು ನನಗಿರಲಿ. ನಿನ್ನೆ ಒಬ್ಬ ಗಿರಾಕಿ ಬೆಲೆ ಕೇಳಿದ. ನಮ್ಮಪ್ಪ ಪ್ರೀತಿಯಿಂದ ಕೊಟ್ಟದ್ದು, ಮಾರಾಟಕ್ಕಿಲ್ಲ ಅಂದೆ. ಯಾರಿಗೆ ಕೊಟ್ಟದ್ದು ಎಂದು ಅವನು ಕೇಳಲಿಲ್ಲ.