ಅಮ್ಮನ ಕೈ ಅಳತೆಯ ಚಾಕು

ಹಿತ್ತಲ ಶೆಡ್ಡಿನಿಂದ,
ಮಾರ್ಚ್ ೧೦, ಸೋಮವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಆಸ್ಪತ್ರೆಯಲ್ಲಿ ನಿನಗೆ ಮತ್ತೆ ರಾತ್ರಿ ಪಾಳಿ ಹಾಕಿದ್ದಾರೆ ಎಂದು ಕೇಳಿ ಮೈ ಉರಿಯಿತು. ಹಿರಿಯ ನರ್ಸ್ ಎಂದು ಬೋರ್ಡಿನ ಮೇಲೆ ಬರೆದು, ನಿನ್ನೆ ಸೇರಿದವರ ಕೆಲಸ ಕೊಡುವುದು ಯಾವ ನ್ಯಾಯ? ಮೇಲಿನವರಿಗೆ ಒಂದು ಅರ್ಜಿ ಬರೆದುಕೊಡಲೇ? ಬೇಡ ಎನ್ನುತ್ತೀಯ, ಗೊತ್ತು. ಹೆಬ್ಬೆರಳಿನ ನೋವು ಹೇಗಿದೆ? ಭಾವನ ಸಕ್ಕರೆ ಹತೋಟಿಯಲ್ಲಿದೆಯೇ, ಇಲ್ಲಾ ಈಗಲೂ ಮುಚ್ಚಿಟ್ಟ ಡಬ್ಬಿಯಿಂದ ಬಿಸ್ಕತ್ತು ಮಾಯವಾಗುತ್ತಿದೆಯೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮ ಬಹಳ ಚೆನ್ನಾಗಿದ್ದಾಳೆ. ಯಾಕೆ ಎಂದು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ದನಿ ಎತ್ತುತ್ತೇನೆ, ವಿಷಯ ಒಂದು ಕಡೆ, ನಾವಿಬ್ಬರೂ ಇನ್ನೊಂದು ಕಡೆ. ಕಾಗದಕ್ಕೆ ಆ ಭಯವಿಲ್ಲ. ನೀನು ಎಷ್ಟು ಬೈದರೂ ಅದು ಹೇಳಬೇಕಾದ್ದನ್ನು ಹೇಳಿಯೇ ತೀರುತ್ತದೆ.

ಅಮ್ಮನ ಚಾಕುವನ್ನು ನೀನು ಕೆಟ್ಟ ಮನಸ್ಸಿನಿಂದ ಒಯ್ಯಲಿಲ್ಲ, ಅದು ನನಗೂ ಗೊತ್ತು. ಬಿದ್ದು ಮಣಿಕಟ್ಟು ಮುರಿದುಕೊಂಡವಳು, ಪಟ್ಟಿ ಬಿಚ್ಚಿದ ಮಾರನೆಯ ದಿನವೇ ಸೌತೆಕಾಯಿ ಹೆಚ್ಚಲು ಕೂತಳು. ಚಾಕು ಜಾರಿ ಎಡಗೈ ಬೆರಳು ಕೊಯ್ದುಕೊಂಡಳು. ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ನೀನು. ಊರಿಗೆ ಹೊರಟಾಗ ಚಾಕುವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ, "ಇನ್ನು ಇವಳ ಕೈಗೆ ಚಾಕು ಕೊಡಬೇಡ ಕಣೆ" ಎಂದೆ. ಆದರೆ ಆ ಡಾಕ್ಟರು! "ಈ ವಯಸ್ಸಲ್ಲಿ ಯಾಕಜ್ಜಿ ಕೆಲಸ ಎಲ್ಲಾ? ಆರಾಮಾಗಿ ಕೂತ್ಕೊಳ್ಳಿ" ಎಂದರಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ನಮ್ಮಿಬ್ಬರಿಗೂ ಹೊಟ್ಟೆಗೆ ಹಾಕಿದ ಕೈಗೆ ಸುಮ್ಮನೆ ಕೂರು ಎನ್ನುವುದು ಯಾವ ಪುಸ್ತಕದ ಔಷಧಿ? ಅಮ್ಮ ಕೂತಳು. ಕೈ ಮಡಿಲಲ್ಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ನೀನು ಭಾನುವಾರ ಫೋನ್ ಮಾಡಿದಾಗಲೆಲ್ಲ "ಸ್ನಾನಕ್ಕೆ ಹೋಗಿದಾಳೆ ಅನ್ನು" ಎಂದು ನನಗೆ ಸನ್ನೆ ಮಾಡಿದಳು. ನಮ್ಮವರು ಒಮ್ಮೆ ಅವಳೆದುರಿಗೇ ಅಂದರು, "ಅತ್ತೆ ಹೀಗೇ ಸ್ನಾನ ಮಾಡ್ತಾ ಇದ್ರೆ ಬಾಲ ಹುಟ್ಟಿ ಮೀನಾಗ್ತಾರೆ ಅಷ್ಟೇ." ಅಮ್ಮ ನಗಲಿಲ್ಲ.

ಮೊದಮೊದಲು ನನ್ನ ಹೆಚ್ಚುವಿಕೆಯನ್ನು ಆಡಿಕೊಳ್ಳುತ್ತಿದ್ದಳು. "ಇದೇನೇ ಕ್ಯಾರೆಟ್ಟು, ಇಲಿ ಕಡಿದು ಬಿಟ್ಟಂಗಿದೆ!" ಎನ್ನುತ್ತಿದ್ದಳು. ಆಮೇಲೆ ಅದನ್ನೂ ನಿಲ್ಲಿಸಿದಳು. ಹಾಕಿದ್ದನ್ನು ತಿಂದು, ತಟ್ಟೆ ಸರಿಸಿ ಏಳುವಳು. ಬೈಯದ ಅಮ್ಮನನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ ಅಕ್ಕಾ. ಅವತ್ತೇ ಪೇಟೆಗೆ ಹೋಗಿ ಹೊಸ ಚಾಕು ತಂದೆ. ಡಬ್ಬಿಯ ಮೇಲೆ ಹೊಳೆಯುವ ಅಕ್ಷರದಲ್ಲಿ 'ಜೀವಮಾನದ ಗ್ಯಾರಂಟಿ'. ಅಮ್ಮ ಮುಟ್ಟಿಯೂ ನೋಡಲಿಲ್ಲ, ಸರಿ, ನಾನೇ ಬಳಸಿದೆ. ಟೊಮೆಟೊ ಕೊಯ್ಯುವ ಬದಲು ಅದು ಟೊಮೆಟೊವನ್ನು ತಬ್ಬಿಕೊಂಡಿತು. ಎರಡನೇ ತಿಂಗಳಿಗೆ ಹಿಡಿ ಒಂದು ಕೈಯಲ್ಲಿ, ಅಲಗು ಇನ್ನೊಂದು ಕೈಯಲ್ಲಿ. ಕಂಪನಿಗೆ ಬರೆದೆ. ಜೀವಮಾನ ಎಂದರೆ ನನ್ನದಲ್ಲವಂತೆ, ಚಾಕುವಿನದಂತೆ. ಅದು ಮುಗಿದದ್ದರಿಂದ ಗ್ಯಾರಂಟಿಯೂ ಮುಗಿಯಿತಂತೆ! ನಮ್ಮ ಬೀದಿಗೆ ಸಾಣೆ ಹಿಡಿಯುವವನು ಕೊನೆಯ ಸಲ ಬಂದದ್ದು ನೀನು ಕಾಲೇಜಿನಲ್ಲಿದ್ದಾಗ. ಅವನ ಚಕ್ರದಿಂದ ಕಿಡಿ ಹಾರುವುದನ್ನು ನೋಡುತ್ತಾ ನಿಂತು ನೀನು ಬಸ್ಸು ತಪ್ಪಿಸಿಕೊಂಡಿದ್ದೆ, ನೆನಪಿದೆಯೇ? ಅಂದಿನಿಂದ ಈ ಊರಿನಲ್ಲಿ ಮೊಂಡಾದದ್ದನ್ನು ಎಸೆಯುವುದೊಂದೇ ಗೊತ್ತು. ಎಸೆಯುವುದು ಚಾಕುವಿನಿಂದ ಶುರುವಾಗುತ್ತದೆ, ಆಮೇಲೆ ಮನುಷ್ಯರನ್ನು ಕಿಟಕಿಯ ಪಕ್ಕ ಕೂರಿಸುತ್ತಾರೆ. ಆ ಸಿಟ್ಟಿನಲ್ಲೇ ನಿರ್ಧಾರ ಮಾಡಿದೆ. ಅಮ್ಮನಿಗೆ ಚಾಕು ನಾನೇ ಮಾಡಿಕೊಡುತ್ತೇನೆ.

ನಗಬೇಡ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡ ಗ್ರಂಥಪಾಲಕಿಗೆ ಒಂದು ಅನುಕೂಲವಿದೆ. ಯಾರೂ ಒಯ್ಯದ ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಅವಳಿಗೆ ಗೊತ್ತಿರುತ್ತದೆ. ಉಕ್ಕಿನ ಮೇಲಿನ ಪುಸ್ತಕಗಳನ್ನೆಲ್ಲ ಹೊತ್ತು ತಂದೆ. ಹಳೆ ಸಾಮಾನು ತುಂಬಿದ್ದ ಹಿತ್ತಲ ಶೆಡ್ಡನ್ನು ಖಾಲಿ ಮಾಡಿದೆ. ಒಳಗೆ ಸಿಕ್ಕಿದ್ದು ಏನು ಗೊತ್ತೇ? ನಾವಿಬ್ಬರೂ ಓದಲು ಕೂರುತ್ತಿದ್ದ ಮೇಜು! ನೀನು ಕೈವಾರದ ಮೊನೆಯಿಂದ ನಡುವೆ ಕೊರೆದ ಗಡಿ ಇನ್ನೂ ಹಾಗೇ ಇದೆ. ಆಚೆ ನಿನ್ನದು, ಈಚೆ ನನ್ನದು, ಮೊಣಕೈ ದಾಟಿದರೆ ಯುದ್ಧ. ಕಬ್ಬಿಣ ಕಚ್ಚಿ ಹಿಡಿಯುವ ವೈಸನ್ನು ನಿನ್ನ ಪಾಲಿನಲ್ಲಿ ಕೂರಿಸಿದ್ದೇನೆ. ದೂರು ಇದ್ದರೆ ಬಂದು ಕೊಡು. ತಳ ತೂತಾದ ಕಬ್ಬಿಣದ ಬಕೆಟ್ಟಿಗೆ ಒಳಗೆ ಜೇಡಿಮಣ್ಣು ಮೆತ್ತಿ ಒಲೆ ಮಾಡಿದೆ. ಇದ್ದಿಲಿಗೆ ಗಾಳಿ ಊದಲು, ಕೋಪ ಮಾಡಿಕೊಳ್ಳಬೇಡ, ನೀನು ನನ್ನ ಹುಟ್ಟುಹಬ್ಬಕ್ಕೆ ಕೊಟ್ಟ ಕೂದಲು ಒಣಗಿಸುವ ಯಂತ್ರ. ಒಂದು ಉದ್ದ ಪೈಪಿನ ಬಾಯಿಗೆ ಸಿಕ್ಕಿಸಿದರೆ ಎಂಥಾ ಗಾಳಿ ಅಂತೀಯ! ನನ್ನ ಈ ನಾಲ್ಕು ಕೂದಲಿಗೆ ಅದು ಸುಮ್ಮನೆ ದಂಡವಾಗುತ್ತಿತ್ತು. ಉಕ್ಕಿಗೆ, ಕಬ್ಬಿಣ ಉಜ್ಜಿ ಉಜ್ಜಿ ಹಲ್ಲು ಸವೆದ ಹಳೆಯ ಅರಗಳು. ಹಾರ್ಡ್‌ವೇರ್ ಅಂಗಡಿಯವರು ಅವನ್ನು ಎಸೆಯಲು ಇಟ್ಟಿದ್ದರು. "ಇದನ್ನ ತಗೊಂಡ್ ಏನ್ ಮಾಡ್ತೀರಮ್ಮ?" ಎಂದರು. "ಚಾಕು" ಎಂದೆ. ಆಮೇಲೆ ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ನಮ್ಮವರೂ ಅಷ್ಟೇ. "ಇನ್ನು ನಾನು ಜಗಳಕ್ಕೆ ಬರಲ್ಲಪ್ಪ, ಆಯುಧ ಎಲ್ಲಾ ನಿನ್ನ ಹತ್ರಾನೇ ಇದೆ" ಎಂದು ಕಾಫಿ ಮಾಡಿ ಶೆಡ್ಡಿಗೇ ತಂದುಕೊಡುತ್ತಾರೆ.

ಕೆಲಸ ಹೇಳುವುದಕ್ಕೆ ಸುಲಭ. ಅರವನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ನಿಧಾನವಾಗಿ ಆರಲು ಬಿಟ್ಟರೆ ಅದು ಮೆತ್ತಗಾಗುತ್ತದೆ. ಆಮೇಲೆ ಗರಗಸದಿಂದ ಆಕಾರ ಕೊಯ್ದು, ಇನ್ನೊಂದು ಅರದಿಂದ ಉಜ್ಜಿ ಉಜ್ಜಿ ಅಲಗು ಬಿಡಿಸಬೇಕು. ಮತ್ತೆ ಕಾಯಿಸಬೇಕು, ಅಯಸ್ಕಾಂತ ಅಂಟದಷ್ಟು ಕಾದಾಗ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಕೊನೆಗೆ ಓವನ್ನಿನಲ್ಲಿ ಜೇನಿನ ಬಣ್ಣ ಬರುವ ತನಕ ಇಟ್ಟರೆ ಹದ ಕೂರುತ್ತದೆ. ಪುಸ್ತಕದಲ್ಲಿ ಎಣ್ಣೆ ಎಂದಿದ್ದರೂ ನಾನು ಮೊದಲನೆಯದನ್ನು ನೀರಿಗೆ ಅದ್ದಿದೆ. ಟಣ್ ಎಂದಿತು. ಇಕ್ಕಳದಲ್ಲಿ ಅರ್ಧ, ನೀರಿನ ಬಕೆಟ್ಟಿನಲ್ಲಿ ಅರ್ಧ. ಎರಡನೆಯದು ಮುರಿಯಲಿಲ್ಲ, ಆದರೆ ಎಷ್ಟು ದಪ್ಪವೆಂದರೆ ಅಮ್ಮ ಕಿಟಕಿಯಿಂದಲೇ ನೋಡಿ, "ಅದ್ರಲ್ಲಿ ತರಕಾರಿ ಹೆಚ್ಚೋದಾ, ಮರ ಕಡಿಯೋದಾ?" ಎಂದಳು. ನನಗೆ ಕುಣಿಯುವಷ್ಟು ಖುಷಿ. ಎಷ್ಟೋ ದಿನದ ಮೇಲೆ ಬೈದಿದ್ದಳು!

ಮೂರನೆಯದಕ್ಕೆ ನನ್ನ ನೆನಪಿನ ಶಕ್ತಿಯನ್ನೆಲ್ಲ ಸುರಿದೆ. ನಗರಸಭೆಯವರು ಯಾವ ವರ್ಷ ಯಾವ ಚರಂಡಿಗೆ ಮಾತು ಕೊಟ್ಟು ತಪ್ಪಿದರು ಎಂದು ಕೇಳು, ಹೇಳುತ್ತೇನೆ. ಅಮ್ಮನ ಚಾಕು ಮರೆಯುತ್ತೇನೆಯೇ? ಬುಡದ ಹತ್ತಿರ ಸವೆದ ಬಾಗು, ತೆಳ್ಳನೆಯ ಹಿಡಿ, ಹಿಡಿಯ ಕೆಳಗೆ ಅವಳ ಕಿರುಬೆರಳು ಮಾಡಿದ ಗುಳಿ, ಎಲ್ಲವನ್ನೂ ಇದ್ದ ಹಾಗೇ ಇಳಿಸಿದೆ. ಸಾಣೆಕಲ್ಲಿನ ಮೇಲೆ ಎಳೆದೂ ಎಳೆದೂ ಕಾಗದ ಸೀಳುವಂಥ ಅಂಚು ಬಂತು. ಟವೆಲಿನಲ್ಲಿ ಸುತ್ತಿ ಅಮ್ಮನ ಮುಂದೆ ಇಟ್ಟೆ. ಬಿಚ್ಚಿದಳು. ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಈರುಳ್ಳಿ ತೆಗೆದುಕೊಂಡಳು, ಅರ್ಧ ಹೆಚ್ಚಿದಳು. ಹಿಡಿ ಕೈಯಲ್ಲೇ ತಿರುಗಿತು. ಮತ್ತೆ ಸರಿಯಾಗಿ ಹಿಡಿದಳು, ಮತ್ತೆ ತಿರುಗಿತು. ಚಾಕುವನ್ನು ಮೆಲ್ಲಗೆ ಕೆಳಗಿಟ್ಟು, "ಚೆನ್ನಾಗಿ ಮಾಡಿದೀಯ ಮಗಳೇ" ಎಂದು ಕಿಟಕಿಯ ಬಳಿ ಹೋಗಿ ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನೀನೇ ಸರಿ ಎಂದು ಆಗ ಅನಿಸಿಬಿಟ್ಟಿತು. ಶೆಡ್ಡಿಗೆ ಬೀಗ ಹಾಕಿದೆ. ಆಮೇಲೊಂದು ದಿನ ಅಡುಗೆಮನೆಯ ಕಟ್ಟೆ ಒರೆಸುವಾಗ ಡಬ್ಬಿಗಳ ಹಿಂದೆ ಒಣಗಿದ ಹಿಟ್ಟಿನ ಮುದ್ದೆಯೊಂದು ಸಿಕ್ಕಿತು. ಕೈಗೆ ಬಲ ಬರಲೆಂದು ಹಿಸುಕಲು ನೀನು ರಬ್ಬರ್ ಚೆಂಡು ಕೊಟ್ಟುಹೋಗಿದ್ದೆಯಲ್ಲ? ಅಮ್ಮ ಅದನ್ನು ಮೂಲೆಗೆಸೆದು, "ನಾನೇನು ಮಗೂನಾ ಚೆಂಡಾಡೋಕೆ?" ಎಂದು, ಕಲಸಿದ ಹಿಟ್ಟಿನ ಉಂಡೆಯನ್ನು ಹಿಸುಕುತ್ತಿದ್ದಳು. ಒಂದು ಉಂಡೆ ಅಲ್ಲೇ ಉಳಿದು ಕಲ್ಲಾಗಿತ್ತು. ಎಸೆಯಲು ಹೋದವಳು ನಿಂತುಬಿಟ್ಟೆ. ಅದರ ಮೇಲೆ ಅಮ್ಮನ ಕೈಯೇ ಇತ್ತು. ಎರಡು ಬೆರಳಿನ ಗುಳಿ ಆಳ, ಕಿರುಬೆರಳಿನದು ಬರೀ ಗೀರು. ಹೆಬ್ಬೆರಳು ಸುತ್ತಿ ಬಂದೇ ಇರಲಿಲ್ಲ. ಪಕ್ಕದಲ್ಲಿ ಉದ್ದಕ್ಕೆ ಮಲಗಿತ್ತು. ನಾನು ತಿಂಗಳುಗಟ್ಟಲೆ ಉಜ್ಜಿ ಮಾಡಿದ್ದು ಬೀಳುವುದಕ್ಕೆ ಮುಂಚಿನ ಅಮ್ಮನ ಕೈಗೆ ಚಾಕು. ಈಗಿನ ಕೈಯನ್ನು ನಾವು ಯಾರೂ ಕೇಳಿರಲೇ ಇಲ್ಲ. ಡಾಕ್ಟರೂ ಕೇಳಲಿಲ್ಲ, ನೀನೂ ಕೇಳಲಿಲ್ಲ, ಇಷ್ಟು ಓದಿದ ನಾನೂ ಕೇಳಲಿಲ್ಲ.

ಅಲಗು ಅದೇ, ಹಿಡಿ ಮಾತ್ರ ಕಿತ್ತೆ. ಅಪ್ಪ ಪತ್ರಿಕೆ ಓದುತ್ತಾ ಸಿಟ್ಟು ಬಂದಾಗಲೆಲ್ಲ ಗುದ್ದುತ್ತಿದ್ದ ಮರದ ಕುರ್ಚಿ ಶೆಡ್ಡಿನ ಹಳೆ ಸಾಮಾನಿನಲ್ಲಿ ಮುರಿದು ಬಿದ್ದಿತ್ತಲ್ಲ, ಅದರ ತೋಳಿನಿಂದ ಹೊಸ ಹಿಡಿ. ಹಿಟ್ಟಿನ ಮುದ್ದೆಯನ್ನು ಮೇಜಿನ ಮೇಲಿಟ್ಟುಕೊಂಡು, ಅದರಲ್ಲಿ ಎಲ್ಲೆಲ್ಲಿ ಗುಳಿಯೋ ಇದರಲ್ಲೂ ಅಲ್ಲಲ್ಲಿ ಗುಳಿ ತೆಗೆದೆ. ದಪ್ಪಗೆ ಮಾಡಿದೆ, ಹೆಬ್ಬೆರಳು ಮಲಗಲು ಮೇಲೆ ಚಪ್ಪಟೆ ಜಾಗ ಬಿಟ್ಟೆ. ನೀನು ಈಗ ಕಾಗದವನ್ನು ಮೇಜಿನ ಮೇಲೆ ಬಡಿದಿರುತ್ತೀಯ. ತಾಳು. ಬೆರಳು ಅಲಗಿನ ಕಡೆ ಜಾರದಂತೆ ಮುಂದೆ ಉಬ್ಬು ಇದೆ. ಮೊನೆಯನ್ನು ಉಜ್ಜಿ ಗುಂಡಗೆ ಮಾಡಿದ್ದೇನೆ. ಮಣೆ ಅಲುಗದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸುತ್ತೇನೆ. ಮೊನೆ ಮೊಂಡಾದದ್ದು ನಿನಗಾಗಿ, ಅಂಚು ಹರಿತವಾದದ್ದು ಅಮ್ಮನಿಗಾಗಿ. ಇಬ್ಬರ ಮಾತನ್ನೂ ನಡೆಸಿದ್ದೇನೆ.

ಮೊನ್ನೆ ಶನಿವಾರ ಕೊಟ್ಟೆ. "ಹಿಡಿ ದಪ್ಪ ಆಯ್ತು" ಎಂದಳು. ಕ್ಯಾರೆಟ್ಟಿನ ಮೇಲೆ ಇಟ್ಟಳು. ಟಕ್. ಒಂದು ಕ್ಷಣ ತನ್ನ ಕೈಯನ್ನೇ ನೋಡಿಕೊಂಡಳು. ಟಕ್, ಟಕ್, ಟಕ್. ಆಮೇಲೆ ನಿಲ್ಲಿಸಿದರೆ ಕೇಳು! ಕ್ಯಾರೆಟ್ಟು ಮುಗಿಯಿತು, ಬೀನ್ಸು ಮುಗಿಯಿತು, ಎಲೆಕೋಸು ರೇಷ್ಮೆಯ ಎಳೆಯಂತೆ ಬಿತ್ತು. "ಕುಂಬಳಕಾಯಿ ತಗೊಂಬಾರೇ, ಏನ್ ಬಾಯಿ ಬಿಟ್ಕೊಂಡು ನಿಂತಿದೀಯ?" ಎಂದು ಗದರಿದಳು. ಅದನ್ನು ಎರಡೂ ಕೈಯಲ್ಲಿ ಒತ್ತಿ ನಿಧಾನವಾಗಿ ಸೀಳಿ, ನಮ್ಮವರ ಕಡೆ ನೋಡಿ, "ಮೀನಂತೆ ಮೀನು!" ಎಂದಳು. ಅವರು ಬಿದ್ದು ಬಿದ್ದು ನಕ್ಕರು. ಮನೆಯಲ್ಲಿ ಹೆಚ್ಚದೆ ಉಳಿದದ್ದು ನಾವಿಬ್ಬರು ಮಾತ್ರ. ಅಕ್ಕಪಕ್ಕದ ಮನೆಗಳಿಗೆಲ್ಲ ಹೆಚ್ಚಿದ ತರಕಾರಿ ಹೋಯಿತು. ನಿನ್ನೆಯಿಂದ ನನ್ನ ಕ್ಯಾರೆಟ್ಟಿಗೆ ಮತ್ತೆ ಇಲಿಯ ಹೆಸರು ಬಂದಿದೆ. ಅಡುಗೆಮನೆಯ ಟಕ್ ಟಕ್ ಕೇಳುತ್ತಾ ಶೆಡ್ಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ನನ್ನ ಮೊಣಕೈ ನಿನ್ನ ಗಡಿಯೊಳಗೇ ಇದೆ.

ಭಾವನಿಗೆ ನಮಸ್ಕಾರ, ಬಿಸ್ಕತ್ತಿನ ವಿಷಯ ನಾನು ಎತ್ತಿದೆ ಎಂದು ಹೇಳಬೇಡ. ನಿದ್ದೆಗೆಡಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಮಾತು ಮೀರಿದ, ಆದರೂ ನಿನ್ನವಳೇ ಆದ,
ತಂಗಿ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅಮ್ಮ ಇಡೀ ಕಾಗದ ಓದಿಸಿಕೊಂಡಳು. "ಮೀನಿನ ಮಾತು ಯಾಕೆ ಬರ್ದೆ?" ಎಂದು ಜಗಳವಾಡಿ, ಆಮೇಲೆ ಇದನ್ನು ಸೇರಿಸು ಎಂದಳು: "ಹಳೇ ಚಾಕು ಅವಳೇ ಇಟ್ಕೊಳ್ಳಲಿ. ಆದ್ರೆ ತೆಳ್ಳಗಿನ ಹಿಡಿ, ಆ ಬಲಗೈ ಹೆಬ್ಬೆರಳಿಗೆ ನೋವಾಗುತ್ತೆ. ಅವಳ ಕೈಗೂ ಒಂದು ಮಾಡ್ಕೊಡು." ನೋವು ಬಲಗೈಯದು ಎಂದು ನಾನು ಕಾಗದದಲ್ಲಿ ಬರೆದೇ ಇರಲಿಲ್ಲ. ಸ್ನಾನದ ಮನೆಯಲ್ಲಿದ್ದವಳಿಗೆ ಅದು ಹೇಗೆ ಕೇಳಿಸಿತು ಎಂದು ನಾನು ವಿಚಾರಿಸಲಿಲ್ಲ. ಹಿಟ್ಟಿನ ಉಂಡೆ ಹಿಸುಕಿ ಅಂಚೆಯಲ್ಲಿ ಕಳಿಸಲು ಹೇಳಲೇ ಎಂದೆ. "ದಾರೀಲಿ ಕೆಟ್ಟು ಹೋಗುತ್ತೆ. ಕೈನೇ ಬರಲಿ" ಎಂದಳು. ಯಾವಾಗ ಬರುತ್ತೀಯೆಂದು ಬರುವ ಭಾನುವಾರ ಫೋನ್ ಮಾಡಿ ಹೇಳು. ಅಮ್ಮ ಶನಿವಾರವೇ ಸ್ನಾನ ಮಾಡಿ ಮುಗಿಸುತ್ತಾಳಂತೆ.