ಅತ್ತೆಯ ಕಡವು

ಕಡವಿನ ಮನೆ,
ಭಾನುವಾರ ಸಂಜೆ

ನನ್ನ ಮುದ್ದು ಮಗಳಿಗೆ,

ನಿನ್ನ ಅಮ್ಮ ಗೆದ್ದಳು ಕಣೇ! ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನು ಓದು.

ನಮ್ಮ ದೋಣಿ ಕಡವಿನ ಕಟ್ಟೆಯ ಮೇಲೆ ಊರಿನವರು ಒಂದು ಕಲ್ಲು ನಿಲ್ಲಿಸುತ್ತಾರೆ, ಜನರನ್ನು ಹೊಳೆ ದಾಟಿಸಲು ಶುರು ಮಾಡಿದವರ ಹೆಸರು ಅದರ ಮೇಲೆ ಬರುತ್ತದೆ ಎಂದು ಹಿಂದೆ ಬರೆದಿದ್ದೆನಲ್ಲ. ಏನು ಕೆತ್ತಬೇಕೆಂದು ಹೇಳುವುದನ್ನು ನಮ್ಮ ಮನೆಗೇ ಬಿಟ್ಟರು. ಬಿಟ್ಟಿದ್ದೇ ತಡ, ನಿನ್ನ ಸೋದರಮಾವ ಪೇಟೆಯ ಸೈಕಲ್ ಅಂಗಡಿಗೆ ಬೀಗ ಹಾಕಿಕೊಂಡು ಓಡಿಬಂದ. ಗೋಡೆಯಿಂದ ಮುತ್ತಜ್ಜನ ಫೋಟೊ ಇಳಿಸಿ, ಅಂಗಿಯ ತೋಳಿನಿಂದ ಧೂಳು ಒರೆಸಿ, "ಈ ಮೀಸೆ ನೋಡೇ, ಕಲ್ಲಿನ ಮೇಲೆ ಇಂಥೋನ ಹೆಸರು ಬರ್ಬೇಕು" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಮೀಸೆಯ ಸಂಗತಿ ನಿನಗೂ ಗೊತ್ತಿರಲಿ. ಮುತ್ತಜ್ಜ ಬಡಗಿ. ದೋಣಿ ಮಾಡಿದ್ದು ಅವನೇ, ಇಲ್ಲವೆನ್ನುವುದಿಲ್ಲ. ಒಂದು ತೊಟ್ಟು ನೀರು ಒಳಗೆ ಬರದ ಹಾಗೆ ಹಲಗೆ ಕೂಡಿಸಿದ್ದ. ಆದರೆ ಹೊಳೆ ಕಂಡರೆ ಅವನಿಗೆ ಕೈಕಾಲು ನಡುಕ. ಮೊದಲ ದಿನವೇ ನಡುಹೊಳೆಯಲ್ಲಿ ವಾಂತಿ ಮಾಡಿಕೊಂಡು, ಇನ್ನು ಸತ್ತರೂ ದೋಣಿ ಹತ್ತುವುದಿಲ್ಲ ಎಂದನಂತೆ. ಮಕ್ಕಳ ಶಾಲೆ ನೋಡಿದರೆ ಆಚೆ ದಡದಲ್ಲಿ. ಆಗ ಹುಟ್ಟು ಹಿಡಿದವಳು ಅವನ ಅಕ್ಕ. ಗಂಡನ ಮನೆ ಬಿಟ್ಟು ಬಂದು, ತಮ್ಮನ ಮನೆಯ ಮೂಲೆಯಲ್ಲಿ ಇದ್ದೂ ಇಲ್ಲದ ಹಾಗೆ ಇದ್ದವಳು. ಅಡುಗೆಮನೆಯಲ್ಲಿ ಅವಳು ಮಾಡಿದ್ದಕ್ಕೆಲ್ಲ ಕೊಂಕು ತೆಗೆಯುತ್ತಿದ್ದರಂತೆ. ನೀರಿನ ಮೇಲೆ ಕೊಂಕು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ.

ಶಾಲೆ ಬಿಟ್ಟ ಮಕ್ಕಳು ಆಚೆ ದಡದಲ್ಲಿ ನಿಂತು "ಅತ್ತೇ!" ಎಂದು ಕೂಗುತ್ತಿದ್ದವು. ಸೋದರತ್ತೆ ತಾನೆ! ಅದನ್ನು ಕೇಳಿ ಅಂಚೆಯವನೂ ಹಾಗೇ ಕೂಗಿದ, ಅವಳಿಗಿಂತ ವಯಸ್ಸಾದ ಮುದುಕರೂ ಕೂಗಿದರು. ಅವಳು ಹೋದ ಮೇಲೂ ಕೂಗು ನಿಲ್ಲಲಿಲ್ಲ. ಹುಟ್ಟು ನನ್ನ ಅಜ್ಜನ ಕೈಗೆ ಬಂತು, ಆಮೇಲೆ ಅಪ್ಪನ ಕೈಗೆ. ಅಪ್ಪ ಆರಡಿ ಆಳು, ಗುಡುಗಿನಂಥ ಗಂಟಲು. ಆಚೆಯಿಂದ "ಅತ್ತೇ!" ಅಂದರೆ ಈಚೆಯಿಂದ "ಬಂದೇ!" ಅನ್ನುತ್ತಿದ್ದ. ಹೊಸಬರು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ತಲೆ ಕೆಡಿಸಿಕೊಂಡವನಲ್ಲ. ಈಗ ನನ್ನನ್ನೂ ಹಾಗೇ ಕರೆಯುತ್ತಾರೆ. ಹಕ್ಕಿನಿಂದ ಕರೆಯಬಹುದಾದವನು ನಿನ್ನ ಗಂಡನೊಬ್ಬನೇ. ಆ ಪುಣ್ಯಾತ್ಮ ಮೊದಲ ಸಲ ಬಂದಾಗ ನಾಚಿಕೊಂಡು ಕರವಸ್ತ್ರ ಬೀಸುತ್ತ ನಿಂತಿದ್ದ!

ಸಂಜೆ ದೋಣಿ ಕಟ್ಟುವ ಮುಂಚೆ ನಡುಹೊಳೆಯಲ್ಲಿ ನಿಂತು, "ಇನ್ನೂ ಯಾರಾದ್ರೂ ಇದ್ದೀರಾ?" ಎಂದು ಎರಡೂ ದಡಕ್ಕೆ ಕೇಳುತ್ತೇನಲ್ಲ, ಆ ಪದ್ಧತಿ ಹಾಕಿಕೊಟ್ಟವಳೂ ಅವಳೇ. ಯಾರನ್ನೂ ದಡದಲ್ಲಿ ಬಿಟ್ಟು ಮನೆ ಸೇರಿದ ಕಡವಲ್ಲ ನಮ್ಮದು. ಹೀಗೆ ಬರೆಯುವಾಗ ಎದೆ ಉಬ್ಬುತ್ತದೆ. ಉಬ್ಬಲಿ ಬಿಡು.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ಅವಳ ಹೆಸರು ಗೊತ್ತೇನೇ?" ಅಂದ. ಗೊತ್ತಿಲ್ಲ. ಅಜ್ಜನಿಗೂ ಗೊತ್ತಿರಲಿಲ್ಲ, ಅವನಿಗೆ ಅವಳು ಅತ್ತೆ, ಅಷ್ಟೆ. "ಹೆಸರಿಲ್ಲದೋಳನ್ನ ಕಲ್ಲಿನ ಮೇಲೆ ಹೇಗೆ ಕೂರಿಸ್ತೀಯ? ಜನ ಕೂಗೋದು ಅತ್ತೆ ಅಂತಲೂ ಅಲ್ಲ ಕಣೇ, 'ಅತ್ತ' ಅಂತ. ಹೊಳೆಯಿಂದ ಅತ್ತ ಹೋಗ್ಬೇಕು ಅಂತ. ಎಳೆದೂ ಎಳೆದೂ 'ಅತ್ತೇ' ಆಗಿದೆ" ಅಂದ. ಅಬ್ಬಬ್ಬಾ! ಆಚೆ ನಿಂತು ದೋಣಿ ಕರೆಯೋನು 'ಇತ್ತ ಬಾ' ಅಂತಾನೋ, 'ಅತ್ತ ಹೋಗು' ಅಂತಾನೋ ಎಂದು ಕೇಳಿದೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಮುತ್ತಜ್ಜನ ಹೆಸರು ಕೊಟ್ಟು ಬರಲು ಕಲ್ಲುಕುಟಿಗನ ಹತ್ತಿರ ಹೊರಟೇಬಿಟ್ಟ.

ಕಲ್ಲುಕುಟಿಗನ ಚಪ್ಪರ ಇರುವುದು ಆಚೆ ದಡದಲ್ಲಿ. ಅಣ್ಣನನ್ನು ದಾಟಿಸಿದ್ದೂ ನಾನೇ, ನನ್ನ ಕರ್ಮ! ಬೆಳಗಾದರೆ ಉಳಿ ಬೀಳುತ್ತದೆ, ಒಮ್ಮೆ ಬಿದ್ದದ್ದನ್ನು ಅಳಿಸಲಾಗುವುದಿಲ್ಲ. ಆಮೇಲೆ ಅವಳು ಇದ್ದಳೆಂದು ಯಾರು ನಂಬುತ್ತಾರೆ? ಒಬ್ಬಳೇ ವಾಪಸು ಹುಟ್ಟು ಹಾಕುತ್ತ ಅತ್ತೆ. (ಇದು ಬೇರೆ ಅತ್ತೆ, ನಗಬೇಡ.)

ಸ್ವಲ್ಪ ಹೊತ್ತಿಗೆ ಅಣ್ಣ ಆಚೆ ದಡಕ್ಕೆ ಬಂದು ಚಪ್ಪಾಳೆ ತಟ್ಟಿದ. ನಾನು ಹುಟ್ಟಿನ ಹಿಡಿಗೆ ಹಗ್ಗ ಸುತ್ತುತ್ತ ಕೂತೆ. ಸಿಳ್ಳೆ ಹಾಕಿದ. "ಏಯ್" ಅಂದ, "ತಂಗೀ" ಅಂದ, "ದೋಣೀ" ಅಂದ. ನಾನು ಜಗ್ಗಲಿಲ್ಲ. ಅವನ ಪಕ್ಕದಲ್ಲಿ ಹಾಲಿನವನೂ ಶಾಲೆಯ ಮೇಷ್ಟ್ರೂ ದೋಣಿಗೆ ಕಾಯುತ್ತಿದ್ದರು. ನೀವಾದ್ರೂ ಕೂಗ್ರಪ್ಪ ಎಂದು ಅವರನ್ನು ಬೇಡಿದನಂತೆ. "ನೀವು ಕಡವಿನ ಮನೆಯೋರು, ನಿಮ್ಮೆದುರು ನಾವು ಕೂಗೋದಾ?" ಅಂದನಂತೆ ಹಾಲಿನವನು. ಭಲೇ! ಕೊನೆಗೆ ಅಣ್ಣ 'ಅತ್ತ' ಎಂದೂ ಕೂಗಿ ನೋಡಿದ. ಅದು ಅರ್ಧ ಹೊಳೆಗೂ ಮುಟ್ಟಲಿಲ್ಲ. ಎಳೆದು "ಅತ್ತಾ" ಅಂದಾಗ, "ಯಾರು ಅತ್ತಿದ್ದು?" ಎಂದು ಮೇಷ್ಟ್ರು ಕೇಳಿದರಂತೆ.

ಆಗ ಎರಡೂ ಕೈ ಬಾಯಿಗೆ ಹಿಡಿದು "ಅತ್ತೇ!" ಎಂದು ಕೂಗಿದ. ಚಿಕ್ಕವನಿದ್ದಾಗ ಶಾಲೆ ಬಿಟ್ಟು ಬಂದು ಅಪ್ಪನನ್ನು ಕೂಗುತ್ತಿದ್ದನಲ್ಲ, ಅದೇ ಕೂಗು. ನನಗೇ ತಿಳಿಯದ ಹಾಗೆ ನನ್ನ ಬಾಯಿಂದ "ಬಂದೇ!" ಎಂದು ಬಂದುಬಿಟ್ಟಿತು.

ದೋಣಿ ಹತ್ತಿ ಮುಖ ಊದಿಸಿಕೊಂಡು ಕೂತ. ನಡುಹೊಳೆಗೆ ಬಂದಾಗ, "ಅಪ್ಪನ್ನ ಅಷ್ಟು ವರ್ಷ ಅತ್ತೆ ಅಂತ ಕೂಗಿದೀನಿ. ಯಾಕೆ ಅಂತ ಒಂದು ಸಲಾನೂ ಕೇಳ್ಲಿಲ್ಲ ನೋಡು" ಅಂದ. ಆಮೇಲೆ, "ಕರೆದ ಹೆಸರೇ ಹೆಸರು ಬಿಡು, ದೋಣಿ ತಿರುಗಿಸು" ಅಂದ. ಹಾಲು ಒಡೆದುಹೋಗುತ್ತೆ ಎಂದು ಹಾಲಿನವನು ಗೊಣಗಿದರೂ ತಿರುಗಿಸಿದೆ.

ಇವತ್ತು ಕಲ್ಲು ನಿಂತಿತು. "ಅತ್ತೆಯ ಕಡವು. ಈ ಹೊಳೆಯನ್ನು ಮೊದಲು ದಾಟಿಸಿದವಳು ಅತ್ತೆ. ದೋಣಿ ಮಾಡಿಕೊಟ್ಟವನು ಅವಳ ತಮ್ಮ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ಕೊನೆಯ ಸಾಲು ತನ್ನದೆಂದು ಅಣ್ಣ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ನಮ್ಮ ಜನ ಹಾಗಲ್ಲ ಮಗಳೇ, ದಾಟಿ ಬಂದವರೆಲ್ಲ ಕಲ್ಲಿನ ಮುಂದೆ ನಿಂತು ಓದಿಯೇ ಹೋದರು. ನೀನೂ ಬೇಗ ಬಂದು ಓದು.

ದಿನವಿಡೀ ಹುಟ್ಟು ಹಾಕಿದರೂ ಸೋಲದ ಕೈ ಇಷ್ಟು ಬರೆದು ಸೋತಿದೆ.

ಹೆಮ್ಮೆಯಿಂದ,
ನಿನ್ನ ಅಮ್ಮ

ಮ.ಸೂ.: ಮರೆತಿದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಈ ಕಡವಿನ ಪರವಾನಗಿ ಇಷ್ಟು ವರ್ಷವೂ ನಿನ್ನ ಸೋದರಮಾವನ ಹೆಸರಿನಲ್ಲೇ ಇತ್ತು. ಅಪ್ಪ ಹೋದಾಗ ಗಂಡುಮಗನ ಹೆಸರಿಗೆ ಬರೆದುಬಿಟ್ಟರು. ಹೇಳಿಕೊಳ್ಳಲು ನನಗೆ ಅವಮಾನ, ಅದಕ್ಕೇ ನಿನಗೂ ಹೇಳಿರಲಿಲ್ಲ. ಮೊನ್ನೆ ಅವನೇ ನನ್ನನ್ನು ಕಚೇರಿಗೆ ಕರೆದುಕೊಂಡು ಹೋದ. "ಯಾರ ಹೆಸರಿಗೆ ಮಾಡ್ಬೇಕು?" ಎಂದು ಗುಮಾಸ್ತ ಕೇಳಿದ. ಹುಟ್ಟಿದಾಗಿನಿಂದ ನನ್ನನ್ನು 'ಮೊಂಡಿ' ಎಂದೇ ಕರೆದವನು, ಹೆಸರು ನೆನಪಿದೆಯೋ ಇಲ್ಲವೋ ಎಂದು ನಾನೇ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ನನ್ನ ಪೂರ್ತಿ ಹೆಸರನ್ನು, ಕಚೇರಿಯವರೆಲ್ಲ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಿದ.