ಕ್ಲಚ್ಚಿನ ಕಾಲು

ಅಣ್ಣಾ,

ಸಿಟ್ಟು ಬಂದರೂ ಸರಿ, ಇದನ್ನು ಪೂರ್ತಿ ಓದು. ಡಿಪೋದಲ್ಲಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದಾಗ ಮುರಿದದ್ದು ನನ್ನ ಎಡಪಾದದ ಕೀಲು, ನಾಲಿಗೆಯಲ್ಲ. ಆದರೂ ಆಸ್ಪತ್ರೆಯಲ್ಲಿ ಎಲ್ಲರೂ ನಿನ್ನನ್ನೇ ಕೇಳಿದರು, ಎಲ್ಲದಕ್ಕೂ ನೀನೇ ಉತ್ತರ ಕೊಟ್ಟೆ.

ಇವತ್ತೇ ಆಪರೇಷನ್ ಮಾಡಿ ಎಂದು ನೀನು ಡಾಕ್ಟರ ಮೇಲೆ ಹರಿಹಾಯ್ದೆ. ಅವರು ಹೊರಗಿನಿಂದ ಸರಳು ಹಾಕಿ ಮೂಳೆ ಅಲುಗದಂತೆ ಹಿಡಿಸಿ, ಊತ ಇಳಿಯುವವರೆಗೆ ಕಾದರು. ಊದಿದ ಚರ್ಮ ಕೊಯ್ದರೆ ಗಾಯ ಕೂಡುವುದಿಲ್ಲ, ಕೀವಾದರೆ ಕಾಲಿಗೇ ಸಂಚಕಾರ ಎಂದು ನನಗೆ ಬಿಡಿಸಿ ಹೇಳಿದರು. ಮೊಣಕಾಲ ಕೆಳಗಿನ ಎರಡು ಮೂಳೆಗಳ ತುದಿಗಳು ಪಾದದ ಮೂಳೆಯನ್ನು ಅವುಚಿ ಹಿಡಿದಿರುತ್ತವಂತೆ. ನನ್ನವು ಎರಡೂ ಒಡೆದು, ಪಾದ ಪಕ್ಕಕ್ಕೆ ಸರಿದಿತ್ತು. ಕೂಡಿಸುವಾಗ ಚೂರು ಸೊಟ್ಟಗಾದರೂ ಕೀಲು ಬೇಗ ಸವೆಯುತ್ತದೆ. ಅದಕ್ಕೇ ಪ್ಲೇಟು, ಸ್ಕ್ರೂ.

ಅವರು ಇದನ್ನೆಲ್ಲ ಹೇಳುವಾಗ ನೀನು ಡಿಪೋದಲ್ಲಿದ್ದೆ. ಮ್ಯಾನೇಜರ್ ಹತ್ತಿರ, "ಅವಳ ಕೈಲಿ ಇನ್ನು ಬಸ್ಸು ಓಡ್ಸೋಕಾಗಲ್ಲ, ಪಾಸ್ ಕೊಡೋ ಕೌಂಟರ್‌ಗೆ ಹಾಕ್ಬಿಡಿ" ಅಂದೆಯಂತೆ. ನನ್ನ ಬಸ್ಸಿನ ಕಂಡಕ್ಟರಮ್ಮ ಬಂದು ಹೇಳಿದಳು. ಕಾಲು ದಿಂಬಿನ ಮೇಲಿತ್ತು, ಇಲ್ಲದಿದ್ದರೆ ಆವತ್ತೇ ನಿನ್ನ ಮನೆ ಬಾಗಿಲು ಬಡಿಯುತ್ತಿದ್ದೆ.

ನಿನ್ನದು ಅಕ್ಕರೆಯೇ, ಗೊತ್ತು. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ನೀನು. ಆದರೆ ನನ್ನನ್ನೊಂದು ಮಾತು ಕೇಳಲು ನಿನ್ನ ಗಂಟೇನು ಹೋಗುತ್ತಿತ್ತು?

ಕಾಲು ಊರಬೇಡಿ ಅಂದಷ್ಟು ದಿನ ಊರಲಿಲ್ಲ. ಊರಿ ಅಂದಾಗ ಗೋಡೆ ಹಿಡಿದು ನಿಂತೆ. ಕೊರಡಿನಂತಾಗಿದ್ದ ಪಾದವನ್ನು ಫಿಸಿಯೋಥೆರಪಿ ಮೇಡಂ ಬಗ್ಗಿಸುವಾಗ ಅವರ ವಂಶವನ್ನೇ ಮನಸ್ಸಿನಲ್ಲಿ ಬೈದೆ. ಕ್ಲಚ್ ತುಳಿಯುವಷ್ಟು ಬಗ್ಗುತ್ತದೆಯೇ ಎಂದು ಕೇಳಿದ್ದಕ್ಕೆ, "ಆಗುತ್ತೆ ಅಂತ ಮಾತು ಕೊಡಲ್ಲ, ಆಗಲ್ಲ ಅಂತಲೂ ಹೇಳಲ್ಲ" ಅಂದರು. ನನಗೆ ಅಷ್ಟು ಸಾಕಿತ್ತು.

ಡಾಕ್ಟರು ಒಪ್ಪಿದ ಮೇಲೆ, ನಿನ್ನೆ ಡಿಪೋಗೆ ಹೋದೆ. ಮ್ಯಾನೇಜರ್ ಪಕ್ಕದಲ್ಲೇ ಕೂತು, ಏರಿನಲ್ಲಿ ಬಸ್ಸು ನಿಲ್ಲಿಸಿ ಮತ್ತೆ ಎತ್ತಲು ಹೇಳಿದರು. ತುಳಿದೆ. ನೋವಿತ್ತು, ಸುಳ್ಳು ಹೇಳುವುದಿಲ್ಲ. ಬಸ್ಸು ಒಂದು ಗೇಣೂ ಹಿಂದೆ ಜಾರಲಿಲ್ಲ. ಮ್ಯಾನೇಜರ್ ಇಳಿಯುತ್ತಾ, "ಸೋಮವಾರದಿಂದ ಬಾಮ್ಮ" ಅಂದರು.

ಚಳಿಗೆ ಕೀಲು ಹಿಡಿದುಕೊಳ್ಳುತ್ತದೆ, ಸ್ವಲ್ಪ ಕುಂಟುತ್ತೇನೆ. ಮುಂದೆ ಸವೆತ ಬಂದರೂ ಬರಬಹುದಂತೆ. ತುಳಿಯಲಾಗದ ದಿನ ನಾನೇ ಸ್ಟಿಯರಿಂಗ್ ಬಿಟ್ಟು ಇಳಿಯುತ್ತೇನೆ. ಅಲ್ಲಿಯವರೆಗೆ ಯಾರೂ ಇಳಿಸುವ ಹಾಗಿಲ್ಲ.

ಸೋಮವಾರ ನನ್ನ ಬಸ್ಸು ಹತ್ತು. ನನ್ನ ಕಾಲನ್ನೇ ನೋಡುತ್ತಾ ಕೂರಬೇಡ, ಕಿಟಕಿಯಾಚೆ ನೋಡು. ಟಿಕೆಟ್ ತಗೋ, ಡ್ರೈವರಮ್ಮನ ಅಣ್ಣ ಅಂತ ಯಾರೂ ಬಿಟ್ಟಿ ಬಿಡುವುದಿಲ್ಲ.

ನಿನ್ನ ಕಾಲಿಗೆ ಒಂದು ಮುಳ್ಳೂ ಚುಚ್ಚದಿರಲಿ.

ತನ್ನ ಕಾಲ ಮೇಲೆ ತಾನು ನಿಂತಿರುವ
ನಿನ್ನ ತಂಗಿ